ಹಾಡು ಮಾಡುವ ಸಾಫ್ಟ್‌ವೇರ್ ಉಚಿತವಾಗಿ ಬೇಕು, ಕ್ರ್ಯಾಕ್ ಬೇಡ: ಹೊಸಬರಿಗೆ ಯಾವುದು ಆದೀತು?

ಸುರತ್ಕಲ್_ಹೊಸಬ

ಎಲ್ಲರಿಗೂ ನಮಸ್ಕಾರ. ತುಳುವಿನಲ್ಲಿ ಸ್ವಂತ ಹಾಡು ಮಾಡಿ ಯೂಟ್ಯೂಬ್‌ಗೆ ಹಾಕ್ಬೇಕು ಅಂತ ಉಂಟು. ಸಾಹಿತ್ಯ, ರಾಗ ಎರಡೂ ನಮ್ಮದೇ. ಹಾಡುವವಳು ಅಕ್ಕ. ಹಿಂದೆ ಕೀಬೋರ್ಡ್, ಸ್ವಲ್ಪ ಬೀಟ್, ಆದರೆ ಒಂದು ಕಡೆ ಚೆಂಡೆ ಬರ್ಬೇಕು.

ಇರುವ ಸಾಮಾನು: ಐ3 ಲ್ಯಾಪ್‌ಟಾಪ್, 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11. ಯುಎಸ್‌ಬಿ ಇರುವ ಕ್ಯಾಸಿಯೋ ಕೀಬೋರ್ಡ್. ಸದ್ಯಕ್ಕೆ ಒಂದು ಯುಎಸ್‌ಬಿ ಮೈಕ್. ಆಡಿಯೋ ಇಂಟರ್‌ಫೇಸ್ (ಮೈಕ್, ವಾದ್ಯವನ್ನು ಕಂಪ್ಯೂಟರ್‌ಗೆ ಸೇರಿಸುವ ಪೆಟ್ಟಿಗೆ) ಇಲ್ಲ, ಈಗ ತೆಗೊಳ್ಳುವ ಅಂದಾಜೂ ಇಲ್ಲ.

ಒಬ್ಬರು ಪೆನ್‌ಡ್ರೈವ್‌ನಲ್ಲಿ ಎಫ್‌ಎಲ್ ಸ್ಟುಡಿಯೋ ಎಂಬ ಸಂಗೀತ ಸಾಫ್ಟ್‌ವೇರ್‌ನ ಕ್ರ್ಯಾಕ್ (ಲೈಸೆನ್ಸ್ ಬೀಗ ಮುರಿದ ಕದ್ದ ಪ್ರತಿ) ಕೊಡ್ತೇನೆ ಅಂತ ಹೇಳ್ತಿದ್ದಾರೆ. ನನಗೆ ಅದು ಮನಸ್ಸಿಲ್ಲ. ನಿಯಮ ಪ್ರಕಾರವೇ ಉಚಿತವಾಗಿ ಸಿಗುವುದು ಯಾವುದು? "ಫ್ರೀ" ಅಂತ ಬರೆದದ್ದರಲ್ಲಿ ಎಲ್ಲಿ ಸಿಕ್ಕಿಬೀಳ್ತೇವೆ? ಚೆಂಡೆಯ ಶಬ್ದ ಎಲ್ಲಿಂದ ತರುವುದು? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

---

ಕದ್ರಿ_ಮಿಕ್ಸರ್

ಪೆನ್‌ಡ್ರೈವ್ ಬೇಡ ಅಂದದ್ದು ಒಳ್ಳೆಯದಾಯ್ತು. ಕ್ರ್ಯಾಕ್ ಹಾಕುವಾಗ ಮೊದಲು ಕೇಳುವುದೇ ಆ್ಯಂಟಿವೈರಸ್ ಆಫ್ ಮಾಡ್ಲಿಕ್ಕೆ. ಆಫ್ ಮಾಡಿದ ಮೇಲೆ ಆ ಫೈಲ್ ಎಂತ ಮಾಡ್ತದೆ ಅಂತ ನೋಡಲಿಕ್ಕೆ ಯಾರೂ ಇಲ್ಲ. ಬ್ರೌಸರ್‌ನಲ್ಲಿ ಉಳಿದಿರುವ ಪಾಸ್‌ವರ್ಡ್ ಮತ್ತು ಲಾಗಿನ್ ಕುಕೀ ಕದಿಯುವ ತಂತ್ರಾಂಶ ಹೆಚ್ಚಾಗಿ ಹರಡುವುದು ಇಂಥ ಫೈಲ್‌ಗಳಲ್ಲೇ. ಕುಕೀ ಕೈಗೆ ಸಿಕ್ಕಿದರೆ ಒಟಿಪಿ ಕೂಡ ಬೇಡ, ಯೂಟ್ಯೂಬ್ ಚಾನೆಲ್ ನೇರ ಬೇರೆಯವರ ಪಾಲು. ಇನ್ನು ಕಾನೂನಿನ ವಿಷಯ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 63ಬಿ ಪ್ರಕಾರ ಕದ್ದ ಪ್ರತಿ ಅಂತ ಗೊತ್ತಿದ್ದೂ ಸಾಫ್ಟ್‌ವೇರ್ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಸಂಪಾದನೆಗೆ ಬಳಸದಿದ್ದರೆ ಸೆರೆವಾಸ ಬಿಟ್ಟು 50,000ದೊಳಗಿನ ದಂಡ ಹಾಕುವ ಅವಕಾಶ ನ್ಯಾಯಾಲಯಕ್ಕೆ ಉಂಟು. ಚಾನೆಲ್‌ನಿಂದ ನಾಳೆ ಹಣ ಬರ್ಬೇಕು ಅನ್ನುವವರಿಗೆ ಆ ರಿಯಾಯಿತಿಯೂ ಇಲ್ಲ.

ಈಗ "ಫ್ರೀ" ವಿಷಯ. ಇದರಲ್ಲಿ ಮೂರು ಜಾತಿ ಉಂಟು, ಬೆರೆಸಿಕೊಂಡರೆ ಕಷ್ಟ.

ಒಂದನೆಯದು ಟ್ರಯಲ್. ಎಫ್‌ಎಲ್ ಸ್ಟುಡಿಯೋದ ಟ್ರಯಲ್ ಅವರ ತಾಣದಲ್ಲೇ ಸಿಗ್ತದೆ, ದಿನದ ಮಿತಿ ಇಲ್ಲ. ಹಾಡನ್ನು ವೇವ್ ಅಥವಾ ಎಂಪಿ3 ಆಗಿ ಹೊರಗೆ ತೆಗೆಯಬಹುದು, ಪ್ರಾಜೆಕ್ಟ್ ಸೇವ್ ಕೂಡ ಆಗ್ತದೆ. ಆದರೆ ಸೇವ್ ಮಾಡಿ ಮುಚ್ಚಿದ ಪ್ರಾಜೆಕ್ಟನ್ನು ಪುನಃ ತೆರೆಯಲಿಕ್ಕೆ ಲೈಸೆನ್ಸ್ ಬೇಕು. ಅಂದರೆ ಒಂದೇ ಕೂತಲ್ಲಿ ಹಾಡು ಮುಗಿಯಬೇಕು. ಕಲಿಯಲಿಕ್ಕೆ ಆದೀತು, ಅಕ್ಕನ ಹಾಡಿಗೆ ಆಗ್ಲಿಕ್ಕಿಲ್ಲ.

ಎರಡನೆಯದು ಸಾಮಾನಿನ ಜತೆಗೆ ಬರುವ ಲೈಟ್ ಆವೃತ್ತಿ. ಫೋಕಸ್‌ರೈಟ್ ಸ್ಕಾರ್ಲೆಟ್‌ನಂಥ ಇಂಟರ್‌ಫೇಸ್ ಹೊಸತು ತೆಗೊಂಡರೆ ಏಬಲ್‌ಟನ್ ಲೈವ್ ಲೈಟ್ ಕೋಡ್ ಸಿಗ್ತದೆ. ಮುಂದೆ ಸೆಕೆಂಡ್‌ಹ್ಯಾಂಡ್ ಇಂಟರ್‌ಫೇಸ್ ತೆಗೊಳ್ಳುವುದಾದರೆ ಒಂದು ಮಾತು ನೆನಪಿರಲಿ: ಮೊದಲಿನವರು ಆ ಸೀರಿಯಲ್ ನಂಬರ್ ನೋಂದಾಯಿಸಿ ಕೋಡ್ ಬಳಸಿದ್ದರೆ ನಿಮಗೆ ಪೆಟ್ಟಿಗೆ ಮಾತ್ರ ಬರ್ತದೆ, ಸಾಫ್ಟ್‌ವೇರ್ ಬರುವುದಿಲ್ಲ. ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ.

ಮೂರನೆಯದೇ ನಿಮಗೆ ಬೇಕಾದದ್ದು, ನಿಜವಾಗಿ ಉಚಿತವಾದದ್ದು. ಮನೆಯಲ್ಲಿ ಯಾರ ಹತ್ತಿರವಾದರೂ ಮ್ಯಾಕ್, ಐಪ್ಯಾಡ್ ಅಥವಾ ಐಫೋನ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಹಾಕಿಸಿ, ಮತ್ತೆ ಯೋಚನೆ ಬೇಡ. ವಿಂಡೋಸ್‌ಗೆ ಟ್ರ್ಯಾಕ್ಷನ್ ಕಂಪನಿಯ ವೇವ್‌ಫಾರ್ಮ್ ಫ್ರೀ ಮತ್ತು ಬ್ಯಾಂಡ್‌ಲ್ಯಾಬ್‌ನವರ ಕೇಕ್‌ವಾಕ್ ಸೋನಾರ್. ಹಳೆಯ ವೀಡಿಯೋಗಳಲ್ಲಿ "ಕೇಕ್‌ವಾಕ್ ಬೈ ಬ್ಯಾಂಡ್‌ಲ್ಯಾಬ್" ಅಂತ ಹೇಳ್ತಾರಲ್ಲ, ಅದನ್ನು ಹುಡುಕಬೇಡಿ. ಅದರ ಜಾಗಕ್ಕೆ ಈಗ ಸೋನಾರ್ ಬಂದಿದೆ, ಅದರಲ್ಲಿ ಹಣ ಕೊಡದ ಹಂತವೂ ಉಂಟು, ಬ್ಯಾಂಡ್‌ಲ್ಯಾಬ್ ಖಾತೆ ತೆರೆದು ಲಾಗಿನ್ ಆಗ್ಬೇಕು ಅಷ್ಟೆ. ಪ್ರೋ ಟೂಲ್ಸ್ ಇಂಟ್ರೋ ಸಹ ಉಚಿತ, 8 ಆಡಿಯೋ, 8 ಇನ್‌ಸ್ಟ್ರುಮೆಂಟ್, 8 ಮಿಡಿ (ಶಬ್ದ ಅಲ್ಲ, ಕೀ ಒತ್ತಿದ ಲೆಕ್ಕ ಮಾತ್ರ) ಟ್ರ್ಯಾಕ್. ಆದರೆ ಪ್ಲಗ್‌ಇನ್‌ಗಳಲ್ಲಿ, ಅಂದರೆ ಒಳಗೆ ಸೇರಿಸಿಕೊಳ್ಳುವ ವಾದ್ಯ, ಎಫೆಕ್ಟ್‌ಗಳ ಸಣ್ಣ ತಂತ್ರಾಂಶಗಳಲ್ಲಿ, ಅದು ಎಎಎಕ್ಸ್ ರೂಪದ್ದು ಮಾತ್ರ ತೆಗೊಳ್ಳುವುದು. ಉಚಿತ ಪ್ಲಗ್‌ಇನ್‌ಗಳಲ್ಲಿ ಎಷ್ಟೋ ವಿಎಸ್‌ಟಿ ರೂಪದಲ್ಲಿ ಮಾತ್ರ ಇರುವ ಕಾರಣ ಹೊಸಬರಿಗೆ ಕೈಕಟ್ಟಿದ ಹಾಗೆ ಆಗ್ತದೆ.

ನಿಮ್ಮ ಐ3ಗೆ ನನ್ನ ಓಟು ವೇವ್‌ಫಾರ್ಮ್ ಫ್ರೀ. ಟ್ರ್ಯಾಕ್‌ಗೆ ಮಿತಿ ಇಲ್ಲ, ಹೊರಗಿನ ಪ್ಲಗ್‌ಇನ್ ಹಾಕಬಹುದು. ಒಂದೇ ಪರದೆಯಲ್ಲಿ ಎಡದಿಂದ ಬಲಕ್ಕೆ ಕೆಲಸ: ಎಡತುದಿಯಲ್ಲಿ ಮೈಕ್ ಅಥವಾ ಕೀಬೋರ್ಡ್ ಯಾವುದು ಅಂತ ಆರಿಸುವುದು, ನಡುವೆ ರೆಕಾರ್ಡ್ ಆದದ್ದು, ಬಲಗಡೆ ಎಫೆಕ್ಟ್‌ಗಳ ಸಾಲು. ಶಬ್ದ ಎಲ್ಲಿ ನಿಂತಿದೆ ಅಂತ ಕಣ್ಣಿಗೇ ಕಾಣ್ತದೆ. ಸೋನಾರ್‌ನ ಮಿಕ್ಸರ್ ನೋಡಲಿಕ್ಕೆ ನಿಜವಾದ ಕನ್ಸೋಲ್ ಹಾಗೆ ಉಂಟು, ಚಂದ ಉಂಟು, ಆದರೆ ಸಣ್ಣ ಪರದೆಯಲ್ಲಿ ಹೊಸಬರಿಗೆ ಗೊಂದಲ.

ಇಳಿಸುವಾಗ ಗೂಗಲ್ ಫಲಿತಾಂಶದ ಮೇಲ್ಭಾಗದ ಜಾಹೀರಾತು ಒತ್ತಬೇಡಿ, ಅಲ್ಲಿ ನಕಲಿ ತಾಣಗಳು ಬಂದು ಕೂತಿರ್ತವೆ. ಟ್ರ್ಯಾಕ್ಷನ್ ಡಾಟ್ ಕಾಮ್ (tracktion.com) ಅಂತ ನೀವೇ ಟೈಪ್ ಮಾಡಿ ಹೋಗಿ, ಖಾತೆ ತೆರೆದು ಇಳಿಸಿ.

ಪ್ಲಗ್‌ಇನ್ ಸುರುವಿಗೆ ಐದಾರು ಸಾಕು. ಸಿಂಥ್‌ಗೆ (ಎಲೆಕ್ಟ್ರಾನಿಕ್ ಶಬ್ದ ಹುಟ್ಟಿಸುವ ವಾದ್ಯ) ಸರ್ಜ್ ಎಕ್ಸ್‌ಟಿ, ಅದು ಮುಕ್ತ ತಂತ್ರಾಂಶ. ವೈಟಲ್ ಸಹ ಉಚಿತ ಹಂತದಲ್ಲಿ ಸಿಗ್ತದೆ, ಆದರೆ ಐ3ಯಲ್ಲಿ ಮೂರು ನಾಲ್ಕು ಕಡೆ ತೆರೆದರೆ ಶಬ್ದ ಕಟಕಟ ಆಗ್ತದೆ. ಪಿಯಾನೋ, ತಂತಿವಾದ್ಯದಂಥ ಶಬ್ದಕ್ಕೆ ಡೀಸೆಂಟ್ ಸ್ಯಾಂಪ್ಲರ್ ಹಾಕಿ, ಅದಕ್ಕೆ ಪಿಯಾನೋಬುಕ್ ತಾಣದಲ್ಲಿ ರಾಶಿ ಉಚಿತ ಲೈಬ್ರರಿಗಳುಂಟು. 8 ಜಿಬಿ ರ್‍ಯಾಮ್‌ಗೆ ದೊಡ್ಡ ಲೈಬ್ರರಿ ಬೇಡ. ಈಕ್ಯೂಗೆ (ಶಬ್ದದ ದಪ್ಪ, ತೆಳು ಭಾಗ ಏರಿಸಿ ಇಳಿಸಲಿಕ್ಕೆ) ಟಿಡಿಆರ್ ನೋವಾ. ರಿವರ್ಬ್‌ಗೆ (ಕೋಣೆಯ ಗುಂಗು ಕೊಡಲಿಕ್ಕೆ) ಎಲ್ಲರೂ ವಲ್ಹಾಲಾ ಸೂಪರ್‌ಮ್ಯಾಸಿವ್ ಹೆಸರು ಹೇಳ್ತಾರೆ. ಅದು ದೊಡ್ಡ ಬಯಲಿನ ಶಬ್ದ, ಹಾಡಿನ ಮಾತು ಮುಳುಗಿಹೋಗ್ತದೆ. ಅಕ್ಕನ ಧ್ವನಿಗೆ ಓರಿಲ್‌ರಿವರ್ ಸರಿ.

ಇಷ್ಟು ಹಾಕಿದ ಮೇಲೆ ಹತ್ತರಲ್ಲಿ ಎಂಟು ಜನ "ಪ್ಲಗ್‌ಇನ್ ಕಾಣ್ತಿಲ್ಲ" ಅಂತ ಬರ್ತಾರೆ. ವಿಎಸ್‌ಟಿ3 ಫೈಲ್ ಇರಬೇಕಾದ ಜಾಗ ಸಿ ಡ್ರೈವ್, ಪ್ರೋಗ್ರಾಂ ಫೈಲ್ಸ್, ಕಾಮನ್ ಫೈಲ್ಸ್, ಅದರೊಳಗಿನ ವಿಎಸ್‌ಟಿ3 ಫೋಲ್ಡರ್. ಇನ್‌ಸ್ಟಾಲರ್ ಇಲ್ಲದೆ ಜಿಪ್ ಆಗಿ ಬಂದದ್ದನ್ನು ಬಿಡಿಸಿ ಅಲ್ಲಿಗೇ ಹಾಕ್ಬೇಕು. ಆಮೇಲೆ ವೇವ್‌ಫಾರ್ಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ಲಗ್‌ಇನ್ಸ್ ವಿಭಾಗಕ್ಕೆ ಹೋಗಿ ಸ್ಕ್ಯಾನ್ ಕೊಡಿ. ಮತ್ತೂ ಕಾಣದಿದ್ದರೆ ನೀವು ಇಳಿಸಿದ್ದು 32 ಬಿಟ್‌ನದ್ದು ಆಗಿರಬಹುದು. 64 ಬಿಟ್‌ನದ್ದು ಪುನಃ ಇಳಿಸಿ.

---

ಮಣಿಪಾಲ_ಪೆಂಗ್ವಿನ್

ಕದ್ರಿಯವರು ಎಲ್‌ಎಂಎಂಎಸ್ ಹೆಸರು ಎತ್ತಲಿಲ್ಲ, ಅದಕ್ಕೆ ಸೇರಿಸ್ತೇನೆ. ಪೂರ್ತಿ ಮುಕ್ತ ತಂತ್ರಾಂಶ, ಖಾತೆ ಬೇಡ, ನೆಟ್ ಬೇಡ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡ್ತದೆ. ಎಫ್‌ಎಲ್ ಹಾಗೆಯೇ ಚೌಕ ಒತ್ತಿ ಬೀಟ್ ಕಟ್ಟುವ ಕ್ರಮ. ಜಿನ್‌ಆ್ಯಡ್‌ಸಬ್‌ಎಫ್‌ಎಕ್ಸ್ ಎಂಬ ಒಳ್ಳೆಯ ಸಿಂಥ್ ಒಳಗೇ ಉಂಟು. ಎಸ್‌ಎಫ್2 ಸೌಂಡ್‌ಫಾಂಟ್ (ವಾದ್ಯಗಳ ಶಬ್ದ ತುಂಬಿದ ಫೈಲ್) ಹಾಕಿದರೆ ಪಿಯಾನೋ, ಕೊಳಲು, ಪಿಟೀಲು ಎಲ್ಲ ಕಡಿಮೆ ರ್‍ಯಾಮ್‌ನಲ್ಲಿ ಸಿಗ್ತದೆ. ಆದರೆ ದೊಡ್ಡ ಕೊರತೆ ಒಂದು: ಸ್ಥಿರ ಆವೃತ್ತಿಯಾದ 1.2ರಲ್ಲಿ ಮೈಕ್‌ನಿಂದ ನೇರ ರೆಕಾರ್ಡ್ ಆಗುವುದಿಲ್ಲ. ಬೀಟ್‌ನ್ನು ವೇವ್ ಆಗಿ ಹೊರಗೆ ತೆಗೆದು, ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಅದನ್ನು ಕೇಳ್ತಾ ಹಾಡಿ, ಹಾಡಿದ್ದನ್ನು ಪುನಃ ಎಲ್‌ಎಂಎಂಎಸ್‌ನ ಸ್ಯಾಂಪಲ್ ಟ್ರ್ಯಾಕ್‌ಗೆ ತಂದು ಜೋಡಿಸ್ಬೇಕು. ಆಗ್ತದೆ, ಆದರೆ ಹಾಡೇ ಮುಖ್ಯ ಇರುವವರಿಗೆ ಸುತ್ತುದಾರಿ. ಬರೀ ಬೀಟ್ ಮಾಡುವವರಿಗೆ ನಾನು ಮೊದಲು ಹೇಳುವುದೇ ಇದನ್ನು.

ರೀಪರ್ ಎಂಬ ಇನ್ನೊಂದು ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ವಿಷಯ ಸ್ಪಷ್ಟ ಇರಲಿ. "ರೀಪರ್ ಫ್ರೀ" ಅಂತ ಎಲ್ಲ ಕಡೆ ಬರೆದದ್ದು ಕಾಣ್ತದೆ, ಅದು ಸರಿಯಲ್ಲ. 60 ದಿನ ಪೂರ್ತಿ ಸೌಲಭ್ಯದೊಂದಿಗೆ ಪರೀಕ್ಷೆ ಮಾಡಬಹುದು. ಅದು ಕಳೆದ ಮೇಲೂ ತೆರೆದುಕೊಳ್ತದೆ, ತಡೆಯುವುದಿಲ್ಲ. ಆದರೆ ಷರತ್ತಿನ ಪ್ರಕಾರ ಬಳಸುವುದಾದರೆ ಹಣ ಕೊಡ್ಬೇಕು. ಸಣ್ಣ ಮಟ್ಟದವರಿಗೆ ರಿಯಾಯಿತಿ ಲೈಸೆನ್ಸ್ 60 ಡಾಲರ್. ತಡೆಯದೆ ಬಿಟ್ಟಿದ್ದಾರೆ ಅಂತ ಹಾಗೆಯೇ ಬಳಸ್ತಾ ಹೋಗುವುದು ಆ ಸಣ್ಣ ತಂಡಕ್ಕೆ ಮಾಡುವ ಅನ್ಯಾಯ. ಬೆಲೆಗೆ ತಕ್ಕ ಸಾಫ್ಟ್‌ವೇರ್ ಹೌದು, ಬಹಳ ಹಗುರ. ಕೈಯಲ್ಲಿ ಹಣ ಬಂದಾಗ ಮೊದಲು ತೆಗೊಳ್ಳಬೇಕಾದದ್ದು ಅದೇ ಅಂತ ನನ್ನ ಅಭಿಪ್ರಾಯ. ಅವರದ್ದೇ ರೀಪ್ಲಗ್ಸ್ ಎಂಬ ಎಫೆಕ್ಟ್‌ಗಳ ಕಟ್ಟು ಮಾತ್ರ ವಿಂಡೋಸ್‌ಗೆ ನಿಜವಾಗಿ ಉಚಿತ, ಅದನ್ನು ವೇವ್‌ಫಾರ್ಮ್ ಒಳಗೆ ಹಾಕಿಕೊಳ್ಳಬಹುದು.

ಲಿನಕ್ಸ್ ಇರುವವರಿಗೆ ಆರ್ಡರ್ (Ardour) ಎಂಬ ಸಾಫ್ಟ್‌ವೇರ್ ಉಂಟು. ಅದರ ತಾಣದಿಂದ ತಯಾರಾದ ಪ್ರತಿ ಇಳಿಸಲಿಕ್ಕೆ ಹಣ ಕೇಳ್ತಾರೆ, ಆದರೆ ಉಬುಂಟು, ಡೆಬಿಯನ್ ಭಂಡಾರದಿಂದ ಹಾಕಿಕೊಂಡರೆ ಉಚಿತವೇ. ಇದರಲ್ಲಿ ತಪ್ಪೇನಿಲ್ಲ, ಪರವಾನಗಿಯೇ ಹಾಗೆ.

---

ಬಡಗುತಿಟ್ಟು_ಉಡುಪಿ

ಚೆಂಡೆ ವಿಷಯ ನಾನು ಹೇಳ್ತೇನೆ. ನೆಟ್‌ನಲ್ಲಿ ಹುಡುಕಿದರೆ ಸಿಗುವುದು ಹೆಚ್ಚಾಗಿ ಕೇರಳದ ಚೆಂಡೆಯ ಲೂಪ್. ನಮ್ಮ ಯಕ್ಷಗಾನದ ಚೆಂಡೆಯ ನುಡಿತವೇ ಬೇರೆ, ಕೇಳುವವರಿಗೆ ಎರಡು ಪೆಟ್ಟಿನಲ್ಲಿ ಗೊತ್ತಾಗ್ತದೆ. ಯಕ್ಷಗಾನ ಆಟದ ವೀಡಿಯೋದಿಂದ ತುಂಡು ಮಾಡಿ ಹಾಕುವುದು ಬೇಡವೇ ಬೇಡ. ಒಂದು, ಆ ಧ್ವನಿಮುದ್ರಣದ ಹಕ್ಕು ಇನ್ನೊಬ್ಬರದ್ದು, ಯೂಟ್ಯೂಬ್‌ನಲ್ಲಿ ಕ್ಲೈಮ್ ಬರ್ತದೆ. ಎರಡು, ಅದರಲ್ಲಿ ಭಾಗವತರ ಸ್ವರ, ಜಾಗಟೆ, ಮದ್ದಳೆ ಎಲ್ಲ ಸೇರಿಹೋಗಿರ್ತದೆ, ಬಿಡಿಸಲಿಕ್ಕೆ ಆಗುವುದಿಲ್ಲ.

ಊರಿನಲ್ಲಿ ಚೆಂಡೆ ಬಾರಿಸುವವರು ಇದ್ದೇ ಇರ್ತಾರೆ. ವಿನಯದಿಂದ ಕೇಳಿ, ಸಂಭಾವನೆ ಕೊಡಿ, ಹಾಡಿನಲ್ಲಿ ಹೆಸರು ಹಾಕ್ತೇನೆ ಅಂತ ಹೇಳಿ, ಬಿಡಿ ಬಿಡಿ ಪೆಟ್ಟುಗಳನ್ನು ರೆಕಾರ್ಡ್ ಮಾಡಿಕೊಳ್ಳಿ. ಒಂದೊಂದು ಪೆಟ್ಟನ್ನೂ ಮೆಲ್ಲ, ಮಧ್ಯಮ, ಜೋರು ಅಂತ ಮೂರು ಬಗೆಯಲ್ಲಿ. ಪ್ರತಿ ಬಗೆಯಲ್ಲೂ ನಾಲ್ಕು ಸಲ. ಒಂದು ಪೆಟ್ಟಿನ ಗುಂಗು ಪೂರ್ತಿ ಇಳಿದ ಮೇಲೆಯೇ ಇನ್ನೊಂದು. ನಾಲ್ಕು ಸಲ ಯಾಕೆಂದರೆ, ಒಂದೇ ಸ್ಯಾಂಪಲ್ ಹತ್ತು ಸಲ ಬೇಗ ಬೇಗ ಬಂದರೆ ಮೆಷಿನ್‌ನ ಶಬ್ದ ಆಗ್ತದೆ. ಮನುಷ್ಯನ ಕೈಯಲ್ಲಿ ಎರಡು ಪೆಟ್ಟು ಒಂದೇ ರೀತಿ ಬರುವುದಿಲ್ಲ, ಕಿವಿ ಅದನ್ನು ಹಿಡೀತದೆ. ಇದನ್ನು ಸಿಟಾಲಾ ಎಂಬ ಉಚಿತ ಡ್ರಮ್ ಸ್ಯಾಂಪ್ಲರ್‌ಗೆ ಹಾಕಿ, 16 ಪ್ಯಾಡ್ ಉಂಟು. ಪ್ಯಾಡ್‌ಗೆ ಒಂದೇ ಸ್ಯಾಂಪಲ್ ಹಿಡಿಯುವ ಕಾರಣ ಜೋರಿನದ್ದಕ್ಕೆ ಎರಡು ಮೂರು ಪ್ಯಾಡ್ ಕೊಟ್ಟು, ಮಿಡಿ ಬರೆಯುವಾಗ ಬದಲಾಯಿಸ್ತಾ ಹೋಗಿ. ಉರುಳಿಕೆಯನ್ನು (ಪೆಟ್ಟುಗಳು ಬಿಡುವಿಲ್ಲದೆ ಒಂದರ ಹಿಂದೆ ಒಂದು ಉರುಳಿ ಬರುವುದು) ಮಾತ್ರ ಹೀಗೆ ಕಟ್ಟಲಿಕ್ಕೆ ಹೋಗ್ಬೇಡಿ, ಎಷ್ಟು ಮಾಡಿದರೂ ಜೀವ ಬರುವುದಿಲ್ಲ. ಅದನ್ನು ಬಾರಿಸಿಯೇ ತೆಗೊಳ್ಳಬೇಕು.

ಮೈಕ್ ಚೆಂಡೆಯಿಂದ ಮೂರು ನಾಲ್ಕು ಅಡಿ ದೂರ ಇರಲಿ, ಚರ್ಮಕ್ಕೆ ನೇರ ಬೇಡ, ಸ್ವಲ್ಪ ಓರೆ. ಬಾರಿಸುವವರು ಅತಿ ಜೋರಿನ ಪೆಟ್ಟು ಹಾಕಿದಾಗ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವ ಹಾಗೆ ಗೇನ್ (ಮೈಕ್ ಹಿಡಿಯುವ ಶಬ್ದದ ಮಟ್ಟ) ಇಳಿಸಿ. ಪರೀಕ್ಷೆಗೆ ಬಾರಿಸುವಾಗ ಯಾರೂ ಪೂರ್ತಿ ಬಲ ಹಾಕುವುದಿಲ್ಲ, ನಿಜ ರೆಕಾರ್ಡಿಂಗ್‌ನಲ್ಲಿ ಏರ್ತದೆ. ಒಮ್ಮೆ ಒಡೆದ ಶಬ್ದ ಆಮೇಲೆ ಸರಿಮಾಡಲಿಕ್ಕೆ ಬರುವುದಿಲ್ಲ. ಫೋನ್‌ನಲ್ಲಿ ರೆಕಾರ್ಡ್ ಮಾಡುವುದಾದರೆ ಸ್ವಯಂ ಗೇನ್ ಆಫ್ ಮಾಡ್ಲಿಕ್ಕೆ ಬರುವ, ವೇವ್ ಫೈಲ್ ಕೊಡುವ ಆ್ಯಪ್ ಬೇಕು. ಫೋನ್‌ನಲ್ಲಿ ಮೊದಲೇ ಇರುವ ರೆಕಾರ್ಡರ್ ಜೋರಿನ ಪೆಟ್ಟು ಬಂದ ಕೂಡಲೇ ಶಬ್ದ ಅದುಮಿ, ಆಮೇಲೆ ಮೆಲ್ಲ ಏರಿಸ್ತದೆ. ಗುಂಗಿನ ಆಕಾರವೇ ಹಾಳು.

ಶ್ರುತಿ ಮೊದಲೇ ನಿಶ್ಚಯ ಆಗ್ಬೇಕು. ಅಕ್ಕ ಹಾಡುವುದು (ಹಾರ್ಮೋನಿಯಂ ಕೀಯ ಲೆಕ್ಕದಲ್ಲಿ) ಕರಿ ಒಂದೋ ಬಿಳಿ ಎರಡೋ, ಅದನ್ನು ಮೊದಲು ನೋಡಿಕೊಂಡು ಚೆಂಡೆ ಆ ಶ್ರುತಿಗೆ ಕೂಡಿಸಿದ ಮೇಲೆ ರೆಕಾರ್ಡ್ ಮಾಡಿ. ಸಾಫ್ಟ್‌ವೇರ್‌ನಲ್ಲಿ ಶ್ರುತಿ ಏರಿಸಿ ಇಳಿಸಬಹುದು, ಆದರೆ ಅರ್ಧ ಸ್ವರಕ್ಕಿಂತ ಹೆಚ್ಚು ಸರಿಸಿದರೆ ಚರ್ಮದ ಶಬ್ದ ಹೋಗಿ ಪ್ಲಾಸ್ಟಿಕ್ ಡಬ್ಬಿ ಬಡಿದ ಹಾಗೆ ಕೇಳ್ತದೆ. ಮಳೆಗಾಲದಲ್ಲಿ ಚರ್ಮ ತೇವ ಎಳೆದುಕೊಂಡು ಶ್ರುತಿ ಇಳೀತಾ ಇರ್ತದೆ, ಆದ್ದರಿಂದ ನಡುನಡುವೆ ನೋಡಿಕೊಳ್ಳಿ.

ತಾಳದ ಬಗ್ಗೆ ಒಂದು. ಹೊಸ ಪ್ರಾಜೆಕ್ಟ್ ತೆರೆದರೆ 4/4 ಅಂತ ಇರ್ತದೆ. ಹಾಡು ತ್ರಿವುಡೆಯಲ್ಲಿದ್ದರೆ 7/8, ಝಂಪೆಯಾದರೆ 10/8 ಅಂತ ಬದಲಾಯಿಸದೆ ಮೆಟ್ರೊನೋಮ್ ಹಾಕಿದರೆ ಟಿಕ್ ಶಬ್ದದ ಒತ್ತು ತಪ್ಪು ಜಾಗದಲ್ಲಿ ಬಿದ್ದು ಹಾಡುವವರ ತಲೆ ಕೆಡ್ತದೆ. ಇನ್ನು ಯಕ್ಷಗಾನದ ರೀತಿಯಲ್ಲಿ ಲಯ ಏರ್ತಾ ಹೋಗುವ ಭಾಗ ಇದ್ದರೆ ಮೆಟ್ರೊನೋಮ್ ಪೂರ್ತಿ ಆಫ್ ಮಾಡಿ. ಮೊದಲು ತಾಳ ಹಾಕಿ ಹಾಡಿಸಿ ರೆಕಾರ್ಡ್ ಮಾಡಿ, ಚೆಂಡೆಯವರು ಅದನ್ನು ಕೇಳ್ತಾ ಬಾರಿಸಲಿ, ಬೀಟ್ ಕೊನೆಗೆ. ಲಯವನ್ನು ಚೌಕದೊಳಗೆ ಕೂರಿಸಲಿಕ್ಕೆ ಹೋದರೆ ನಮ್ಮ ಸಂಗೀತದ ಏರುವ ಗುಣವೇ ಹೋಗ್ತದೆ. ಈ ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ.

---

ಸುರತ್ಕಲ್_ಹೊಸಬ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ವೇವ್‌ಫಾರ್ಮ್ ಫ್ರೀ ಹಾಕಿ ಆಯ್ತು, ಪ್ಲಗ್‌ಇನ್ ಎಲ್ಲ ಕಾಣ್ತದೆ. ಈಗ ಮೂರು ತೊಂದರೆ:

ಕ್ಯಾಸಿಯೋ ಕೇಬಲ್ ಸಿಕ್ಕಿಸಿದೆ, ಕೀ ಒತ್ತಿದರೆ ಪರದೆಯಲ್ಲಿ ಮೀಟರ್ ಹಾರ್ತದೆ, ಶಬ್ದ ಮಾತ್ರ ಇಲ್ಲ. ಹಾಡುವಾಗ ಹೆಡ್‌ಫೋನ್‌ನಲ್ಲಿ ಅಕ್ಕನ ಸ್ವರ ತಡವಾಗಿ ಬರ್ತದೆ, ಹಾಡ್ಲಿಕ್ಕೇ ಆಗುವುದಿಲ್ಲ. ಮೈಕ್‌ನಲ್ಲಿ ಸಣ್ಣಗೆ "ಗುಂಯ್" ಅಂತ ಒಂದು ಶಬ್ದ ಯಾವಾಗಲೂ ಉಂಟು. ಹೆಡ್‌ಫೋನ್ ಬ್ಲೂಟೂತ್‌ನದ್ದು.

---

ಕದ್ರಿ_ಮಿಕ್ಸರ್

ಕೀಬೋರ್ಡ್‌ನದ್ದು ತೊಂದರೆ ಅಲ್ಲ, ಅದು ಹಾಗೆಯೇ. ಯುಎಸ್‌ಬಿಯಲ್ಲಿ ಬರುವುದು ಮಿಡಿ: ಯಾವ ಕೀ, ಎಷ್ಟು ಜೋರು, ಎಷ್ಟು ಹೊತ್ತು ಅನ್ನುವ ಲೆಕ್ಕ ಮಾತ್ರ. ಕ್ಯಾಸಿಯೋದ ಒಳಗಿನ ಶಬ್ದ ಆ ಕೇಬಲ್‌ನಲ್ಲಿ ಬರುವುದಿಲ್ಲ. ಆ ಟ್ರ್ಯಾಕ್‌ನ ಬಲಗಡೆ ಸರ್ಜ್ ಎಕ್ಸ್‌ಟಿ ಅಥವಾ ಡೀಸೆಂಟ್ ಸ್ಯಾಂಪ್ಲರ್ ಹಾಕಿ, ಅದರಲ್ಲಿ ಒಂದು ಶಬ್ದ ಆರಿಸಿ, ಆಗ ಕೇಳ್ತದೆ. ಕ್ಯಾಸಿಯೋದ ಶಬ್ದವೇ ಬೇಕು ಅಂತಾದರೆ ಅದರ ಹೆಡ್‌ಫೋನ್ ಕಿಂಡಿಯಿಂದ ವಯರ್ ಎಳೆದು ಲೈನ್‌ಇನ್‌ಗೆ ಕೊಡ್ಬೇಕು. ಲ್ಯಾಪ್‌ಟಾಪ್‌ನಲ್ಲಿ ಲೈನ್‌ಇನ್ ಇರುವುದೇ ಅಪರೂಪ. ಮೈಕ್ ಕಿಂಡಿಗೆ ಕೊಟ್ಟರೆ ಶಬ್ದ ಒಡೀತದೆ. ಅದು ಇಂಟರ್‌ಫೇಸ್ ತೆಗೊಂಡ ಮೇಲಿನ ಕೆಲಸ.

ತಡಕ್ಕೆ ಮೊದಲ ಕಾರಣ ಬ್ಲೂಟೂತ್. ಅದರಲ್ಲಿ ಶಬ್ದ ನೂರು ಮಿಲಿಸೆಕೆಂಡ್‌ಗಿಂತಲೂ ಹೆಚ್ಚು ತಡವಾಗುವುದು ಮಾಮೂಲಿ, ಯಾವ ಸೆಟ್ಟಿಂಗ್ ಬದಲಾಯಿಸಿದರೂ ಹೋಗುವುದಿಲ್ಲ. ಅದರ ಮೇಲೆ ಬ್ಲೂಟೂತ್‌ನ ಮೈಕ್ ತೆರೆದುಕೊಂಡರೆ ವಿಂಡೋಸ್ ಅದನ್ನು ಫೋನ್ ಕಾಲ್ ಗುಣಮಟ್ಟಕ್ಕೆ ಇಳಿಸ್ತದೆ. ವಯರ್ ಇರುವ ಹೆಡ್‌ಫೋನ್ ಹಾಕಿ. ಕಿವಿ ಪೂರ್ತಿ ಮುಚ್ಚುವಂಥದ್ದು ಆದರೆ ಒಳ್ಳೆಯದು, ಇಲ್ಲದಿದ್ದರೆ ಹಿನ್ನೆಲೆ ಸಂಗೀತ ಸೋರಿ ಮೈಕ್‌ಗೆ ಹೋಗ್ತದೆ.

ಎರಡನೆಯ ಕಾರಣ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ತುಂಬಿಸಿಕೊಳ್ಳುವ ಶಬ್ದದ ತುಂಡು. ಲೆಕ್ಕ ಸುಲಭ: ಬಫರ್ ಸಂಖ್ಯೆಯನ್ನು ಸ್ಯಾಂಪಲ್ ರೇಟ್‌ನಿಂದ (ಸೆಕೆಂಡಿಗೆ ಎಷ್ಟು ಸಲ ಶಬ್ದ ಅಳೀತದೆ) ಭಾಗಿಸಿ. 48,000ದಲ್ಲಿ 1024 ಬಫರ್ ಇದ್ದರೆ 21 ಮಿಲಿಸೆಕೆಂಡ್, 256 ಇದ್ದರೆ 5.3, 128 ಇದ್ದರೆ 2.7. ಇದು ಒಂದು ದಿಕ್ಕಿಗೆ. ಒಳಗೆ ಬಂದು ಹೊರಗೆ ಹೋಗುವಾಗ ಇಮ್ಮಡಿಯಾಗಿ ಅದರ ಮೇಲೆ ಡ್ರೈವರ್‌ನ ತಡವೂ ಸೇರ್ತದೆ. ಸೆಟ್ಟಿಂಗ್ಸ್‌ನ ಆಡಿಯೋ ವಿಭಾಗದಲ್ಲಿ ಡ್ರೈವರ್‌ನ ಬಗೆಯನ್ನು ಡೈರೆಕ್ಟ್‌ಸೌಂಡ್‌ನಿಂದ ವಿಂಡೋಸ್ ಆಡಿಯೋ ಎಕ್ಸ್‌ಕ್ಲೂಸಿವ್‌ಗೆ ಬದಲಾಯಿಸಿ, ಬಫರ್ 256 ಇಡಿ. ಅದರಲ್ಲೂ ಸರಿಯಾಗದಿದ್ದರೆ ಎಎಸ್‌ಐಒ4ಆಲ್ ಎಂಬ ಉಚಿತ ಡ್ರೈವರ್ ಹಾಕಿ. ಅದು ಸೌಂಡ್ ಕಾರ್ಡನ್ನು ಪೂರ್ತಿ ಹಿಡಿದುಕೊಳ್ತದೆ, ಆಗ ಬ್ರೌಸರ್‌ನಲ್ಲಿ ಯೂಟ್ಯೂಬ್ ಮೂಕ ಆದೀತು, ಅಥವಾ ಬ್ರೌಸರ್ ಮೊದಲೇ ತೆರೆದಿದ್ದರೆ ವೇವ್‌ಫಾರ್ಮ್ ಮೂಕ ಆದೀತು. ಹೆದರಬೇಡಿ, ಒಂದನ್ನು ಮುಚ್ಚಿದರೆ ಸರಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಮೈಕ್ ಮತ್ತು ಹೆಡ್‌ಫೋನ್ ಎರಡಕ್ಕೂ 48,000 ಒಂದೇ ಇರಲಿ. ಒಂದು 44,100, ಇನ್ನೊಂದು 48,000 ಆದರೆ ಡ್ರೈವರ್ ತೆರೆಯುವುದೇ ಇಲ್ಲ, ತೆರೆದರೂ ಕಟಕಟ.

ಎಲ್ಲಕ್ಕಿಂತ ಸುಲಭದ ದಾರಿ: ನಿಮ್ಮ ಯುಎಸ್‌ಬಿ ಮೈಕ್‌ನಲ್ಲೇ ಹೆಡ್‌ಫೋನ್ ಕಿಂಡಿ ಇದ್ದರೆ ಅದಕ್ಕೆ ಹಾಕಿ. ಅಂಥ ಮೈಕ್‌ಗಳಲ್ಲಿ ಹೆಚ್ಚಿನವು ಸ್ವರವನ್ನು ಕಂಪ್ಯೂಟರ್‌ಗೆ ಹೋಗುವ ಮೊದಲೇ ಕಿವಿಗೆ ಕೊಡ್ತವೆ. ಆಗ ವೇವ್‌ಫಾರ್ಮ್‌ನಲ್ಲಿ ಆ ಟ್ರ್ಯಾಕ್‌ನ ಮಾನಿಟರಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಸ್ವರ ಎರಡೆರಡು ಸಲ ಕೇಳ್ತದೆ.

ರೆಕಾರ್ಡ್ ಮುಗಿದು ಮಿಕ್ಸ್‌ಗೆ ಕೂತಾಗ ಬಫರ್ ಪುನಃ 1024ಕ್ಕೆ ಏರಿಸಿ. ಆಗ ತಡ ಇದ್ದರೆ ತೊಂದರೆ ಇಲ್ಲ, ಐ3ಗೆ ಉಸಿರಾಡಲಿಕ್ಕೆ ಜಾಗ ಸಿಗ್ತದೆ. ಮತ್ತೂ ತಡವರಿಸಿದರೆ ಭಾರದ ಸಿಂಥ್ ಇರುವ ಟ್ರ್ಯಾಕನ್ನು ಫ್ರೀಜ್ ಮಾಡಿ, ಅಂದರೆ ಅದನ್ನು ಶಬ್ದವಾಗಿ ಬರೆದಿಟ್ಟು ಭಾರ ಇಳಿಸಿ.

"ಗುಂಯ್"ಗೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ನಿಂತರೆ ಕಾರಣ ಅದೇ, ಅರ್ಥಿಂಗ್ ಸರಿ ಇಲ್ಲದ ಪ್ಲಗ್. ಹಾಡಿಸುವಷ್ಟು ಹೊತ್ತು ಬ್ಯಾಟರಿಯಲ್ಲೇ ಇರಲಿ. ನಿಲ್ಲದಿದ್ದರೆ ಯುಎಸ್‌ಬಿ ಹಬ್ ತೆಗೆದು ಮೈಕನ್ನು ನೇರ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ.

---

ಮೂಲ್ಕಿ_ಮಳೆಗಾಲ

ಹಾಡು ರೆಕಾರ್ಡ್ ಮಾಡುವ ಜಾಗದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಆಟಿ ತಿಂಗಳ ಜೋರು ಮಳೆಯಲ್ಲಿ ಶೀಟಿನ ಮಾಡಿನ ಕೆಳಗೆ ರೆಕಾರ್ಡ್ ಮಾಡ್ಲಿಕ್ಕೇ ಹೋಗ್ಬೇಡಿ. ಫ್ಯಾನ್‌ನ ಶಬ್ದವೋ ಕರೆಂಟಿನ ಗುಂಗೋ ಆದರೆ ರೀಪ್ಲಗ್ಸ್‌ನ ರೀಫರ್‌ನಲ್ಲಿ ಸಬ್‌ಟ್ರಾಕ್ಟ್ ಇಟ್ಟು ಸ್ವಲ್ಪ ಕಡಿಮೆ ಮಾಡಬಹುದು, ಯಾಕೆಂದರೆ ಅದು ಒಂದೇ ಸಮನೆ ಇರ್ತದೆ. ಮಳೆ ಹಾಗಲ್ಲ. ಅದು ಎಲ್ಲ ಕಂಪನಾಂಕದಲ್ಲೂ ಹರಡಿ ಏರಿಳಿಯುವ ಶಬ್ದ, ಹಾಡಿನ "ಸ", "ಶ" ಅಕ್ಷರಗಳೂ ಅದೇ ಜಾಗದಲ್ಲಿರ್ತವೆ. ಮಳೆ ತೆಗೀಲಿಕ್ಕೆ ಹೋದರೆ ಅಕ್ಷರವೂ ತೊಳೆದುಹೋಗಿ ಸ್ವರ ನೀರಿನಡಿಯಿಂದ ಬಂದ ಹಾಗೆ ಆಗ್ತದೆ. ಮಳೆ ಬಿಟ್ಟ ಹೊತ್ತು ಕಾಯಿರಿ, ಅಥವಾ ಕಾಂಕ್ರೀಟ್ ತಾರಸಿ ಇರುವ ಮನೆಯ ಒಳಗಿನ ಕೋಣೆ ಹುಡುಕಿ.

ಕೋಣೆಯಲ್ಲಿ ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು, ಅದಕ್ಕೆ ಬೆನ್ನು ಹಾಕಿ ಅಕ್ಕ ನಿಲ್ಲಲಿ. ಮೈಕ್ ಅವರ ಎದುರು ಒಂದು ಗೇಣು ದೂರ. ಹಾಡುವವರ ಬೆನ್ನ ಹಿಂದಿನ ಗೋಡೆಯಿಂದ ತಿರುಗಿ ಬರುವ ಶಬ್ದವೇ ಮೈಕ್‌ನ ಮುಖಕ್ಕೆ ನೇರ ಬೀಳುವುದು, ಅದನ್ನು ಬಟ್ಟೆ ಕುಡೀತದೆ. ಮೈಕ್‌ನ ಹಿಂದೆ ಸ್ಪಂಜ್ ಇಟ್ಟು ಹಿಂದಿನ ಗೋಡೆ ಬೋಳು ಬಿಡುವವರೇ ಹೆಚ್ಚು. ಟೈಲ್ಸ್ ನೆಲಕ್ಕೆ ಒಂದು ಕಂಬಳಿ ಹಾಸಿ. "ಪ", "ಬ" ಅಕ್ಷರದ ಗಾಳಿ ಹೊಡೆಯದ ಹಾಗೆ ಮೈಕ್ ಬಾಯಿಗೆ ನೇರ ಇಡದೆ ಸ್ವಲ್ಪ ಬದಿಗೆ ಇಡಿ.

ಕಂಡೆನ್ಸರ್ ಮೈಕ್ ಆದರೆ ಕೆಲಸ ಆದ ಮೇಲೆ ಹೊರಗೆ ಬಿಡಬೇಡಿ. ಕರಾವಳಿಯ ತೇವಕ್ಕೆ ಒಳಗಿನ ಪೊರೆ ಪಟಪಟ ಶಬ್ದ ಮಾಡ್ಲಿಕ್ಕೆ ಸುರು ಮಾಡ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ಫೈಲ್ ಗಾತ್ರ ನೋಡಿಕೊಳ್ಳಿ. 24 ಬಿಟ್, 48,000, ಮೋನೋ ಆದರೆ ನಿಮಿಷಕ್ಕೆ 8.6 ಎಂಬಿ. ನಾಲ್ಕು ನಿಮಿಷದ ಹಾಡಿನ ಒಂದು ಟ್ರ್ಯಾಕ್ ಸುಮಾರು 35 ಎಂಬಿ. ಇಪ್ಪತ್ತು ಸಲ ಹಾಡಿಸಿದರೆ 700 ಎಂಬಿ ಹೋಯ್ತು. 256 ಜಿಬಿಯಲ್ಲಿ ವಿಂಡೋಸ್, ಲೈಬ್ರರಿ ಎಲ್ಲ ಹಾಕಿದ ಮೇಲೆ ಜಾಗ ಬೇಗ ಮುಗೀತದೆ, ಮುಗಿದ ಪ್ರಾಜೆಕ್ಟ್‌ಗಳನ್ನು ಹೊರಗಿನ ಡಿಸ್ಕ್‌ಗೆ ಹಾಕಿ. ಪ್ರಾಜೆಕ್ಟ್ ಫೈಲ್ ಒಂದನ್ನೇ ನಕಲು ಮಾಡಿದರೆ ಸಾಲದು, ಆಡಿಯೋ ಇರುವ ಪೂರ್ತಿ ಫೋಲ್ಡರ್ ಬೇಕು. ಗುಡುಗು ಮಿಂಚಿನ ಸಮಯ ಬ್ಯಾಟರಿ ಹಳೆಯದಾದ ಲ್ಯಾಪ್‌ಟಾಪ್ ಕರೆಂಟ್ ಹೋದ ಕೂಡಲೇ ಆರ್ತದೆ, ಆದ್ದರಿಂದ ಪ್ರತಿ ಸಲ ಹಾಡಿಸಿದ ಮೇಲೆ ಕಂಟ್ರೋಲ್ ಎಸ್ ಒತ್ತುವ ಅಭ್ಯಾಸ ಬೇಕು.

ಹೊರಗೆ ತೆಗೆಯುವಾಗ ಯೂಟ್ಯೂಬ್‌ಗೆ ವೇವ್, 48,000, 24 ಬಿಟ್. ಎಂಪಿ3 ಬೇಡ, ಯೂಟ್ಯೂಬ್ ಪುನಃ ಅದುಮುವ ಕಾರಣ ಎರಡು ಸಲ ಗುಣಮಟ್ಟ ಹೋಗ್ತದೆ. ಯೂಲೀನ್ ಲೌಡ್‌ನೆಸ್ ಮೀಟರ್‌ನ ಉಚಿತ ಆವೃತ್ತಿ ಮಾಸ್ಟರ್‌ನಲ್ಲಿ ಹಾಕಿ ಇಂಟಿಗ್ರೇಟೆಡ್ ಅಂಕಿ (ಪೂರ್ತಿ ಹಾಡು ಸರಾಸರಿ ಎಷ್ಟು ಜೋರು) ನೋಡಿ. ಯೂಟ್ಯೂಬ್ ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಅದು ಜೋರು ಅಳೆಯುವ ಮಾನ) ಜೋರು ಇದ್ದದ್ದನ್ನು ಇಳಿಸ್ತದೆ, ಮೆಲ್ಲ ಇದ್ದದ್ದನ್ನು ಏರಿಸುವುದಿಲ್ಲ. ಚೆಂಡೆ ಇರುವ ಹಾಡಿನಲ್ಲಿ ಲಿಮಿಟರ್ (ಏರಿದ ಶಬ್ದವನ್ನು ಅದುಮುವ ಎಫೆಕ್ಟ್) ಒತ್ತಿ ಒತ್ತಿ ಜೋರು ಮಾಡಿದರೆ ಮೊದಲು ಸಾಯುವುದು ಚೆಂಡೆಯ ಪೆಟ್ಟು. ಟ್ರೂ ಪೀಕ್ (ಶಬ್ದ ಏರುವ ಅತಿ ಎತ್ತರದ ತುದಿ) ಮೈನಸ್ 1ರ ಮೇಲೆ ಹೋಗದ ಹಾಗೆ ಇಟ್ಟು ಅಷ್ಟಕ್ಕೇ ಬಿಡಿ.

ಇನ್ನೊಂದು, ಫ್ರೀಸೌಂಡ್ ತಾಣದಿಂದ ಶಬ್ದ ತೆಗೊಳ್ಳುವುದಾದರೆ ಪ್ರತಿ ಫೈಲ್‌ನ ಪರವಾನಗಿ ಬೇರೆ ಬೇರೆ. ಸಿಸಿ0 ಆದರೆ ಯಾವ ಷರತ್ತೂ ಇಲ್ಲ. ಆಟ್ರಿಬ್ಯೂಶನ್ ಅಂತ ಇದ್ದರೆ ವೀಡಿಯೋ ಕೆಳಗೆ ಮಾಡಿದವರ ಹೆಸರು ಹಾಕ್ಬೇಕು. ನಾನ್‌ಕಮರ್ಶಿಯಲ್ ಅಂತ ಇದ್ದರೆ ಜಾಹೀರಾತಿನಿಂದ ಹಣ ಬರುವ ಚಾನೆಲ್‌ನಲ್ಲಿ ಬಳಸುವ ಹಾಗಿಲ್ಲ. ಇಳಿಸಿದ ದಿನವೇ ಯಾವ ಫೈಲ್, ಯಾವ ಪರವಾನಗಿ ಅಂತ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಒಂದು ನೋಟ್‌ಪ್ಯಾಡ್ ಫೈಲ್ ಮಾಡಿ ಬರೆದಿಡಿ, ಕ್ಲೈಮ್ ಬಂದಾಗ ಹುಡುಕುವ ಕೆಲಸ ಇರುವುದಿಲ್ಲ.

---

ಸುರತ್ಕಲ್_ಹೊಸಬ

ವಯರ್ ಹೆಡ್‌ಫೋನ್ ಮೈಕ್‌ನ ಕಿಂಡಿಗೇ ಹಾಕಿದೆ, ತಡ ಇಲ್ಲ. ಚಾರ್ಜರ್ ತೆಗೆದ ಕೂಡಲೇ ಗುಂಯ್ ಸಹ ನಿಂತಿತು. ಅಕ್ಕನಿಗೆ ಕರಿ ಒಂದು ಸರಿಯಾಗ್ತದೆ ಅಂತ ನೋಡಿಕೊಂಡೆವು. ಚೆಂಡೆಯವರನ್ನು ಕೇಳುವ ಮೊದಲು ಒಂದೇ ಪ್ರಶ್ನೆ: ಹಾಡು ಝಂಪೆಯಲ್ಲಿ ಉಂಟು, ಲಯ ಏರುವುದು ಕೊನೆಯ ಚರಣದಲ್ಲಿ ಮಾತ್ರ. ಅಷ್ಟಕ್ಕೂ ಮೆಟ್ರೊನೋಮ್ ಪೂರ್ತಿ ಆಫ್ ಮಾಡ್ಬೇಕಾ?

---

ಬಡಗುತಿಟ್ಟು_ಉಡುಪಿ

ಬೇಡ. ಕೊನೆಯ ಚರಣದವರೆಗೆ 10/8ರಲ್ಲಿ ಮೆಟ್ರೊನೋಮ್ ಇಟ್ಟೇ ಹಾಡಿಸಿ, ಆ ಭಾಗಕ್ಕೆ ಬೀಟ್ ಕೂರಿಸಲಿಕ್ಕೂ ಸುಲಭ. ಕೊನೆಯ ಚರಣವನ್ನು ಬೇರೆಯೇ ರೆಕಾರ್ಡ್ ಮಾಡಿ, ಆದರೆ ಅದರ ಹಿಂದಿನ ಎರಡು ಆವರ್ತ ಹೆಡ್‌ಫೋನ್‌ನಲ್ಲಿ ಕೇಳಿಸಿ, ಅಲ್ಲಿಂದಲೇ ಅಕ್ಕ ಹಾಡುತ್ತಾ ಒಳಗೆ ಬರಲಿ. ಹಾಗೆ ಮಾಡಿದರೆ ಸೇರುವ ಜಾಗದಲ್ಲಿ ಲಯ ಹಾರುವುದಿಲ್ಲ. ಏರುವ ಚರಣಕ್ಕೆ ಬೀಟ್ ಬೇಡ, ಚೆಂಡೆ ಒಂದೇ ಸಾಕು.